ಫ್ಲಶ್ ಟ್ಯಾಂಕಿನ ಎರಡು ಬಾಟಲಿಗಳು

ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಅಧ್ಯಕ್ಷರಿಗೆ, ಈ ಪತ್ರಿಕೆಯ ಮೂಲಕ,

ಮಾನ್ಯರೇ, ನಿಮ್ಮ ಮಂಡಳಿ ಮನೆಮನೆಗೆ ಹಂಚಿದ ‘ನೀರು ಉಳಿಸಿ’ ಕರಪತ್ರವನ್ನು ನಂಬಿ ನಾನು ನಮ್ಮ ಅತ್ತೆಯನ್ನು ಮನೆ ಬಿಡಿಸಿದ್ದೇನೆ. ಈ ತಪ್ಪಿನಲ್ಲಿ ನಿಮ್ಮ ಪಾಲೂ ಇದೆ. ನನ್ನದು ಹೆಚ್ಚು ಎಂದು ಮೊದಲೇ ಒಪ್ಪಿಕೊಂಡು ಬರೆಯುತ್ತಿದ್ದೇನೆ.

‘ಫ್ಲಶ್ ಟ್ಯಾಂಕಿನೊಳಗೆ ನೀರು ತುಂಬಿದ ಬಾಟಲಿ ಇಡಿ, ಪ್ರತಿ ಸಲವೂ ಅಷ್ಟು ನೀರು ಉಳಿಸಿ’ ಎಂದು ತಾವು ಬಣ್ಣದ ಚಿತ್ರ ಸಮೇತ ಅಪ್ಪಣೆ ಕೊಡಿಸಿದ್ದಿರಿ. ಎಷ್ಟು ದೊಡ್ಡ ಟ್ಯಾಂಕಿಗೆ ಎಷ್ಟು ಬಾಟಲಿ? ಉಳಿದ ನೀರಿಗೆ ಕಮೋಡಿನಲ್ಲಿದ್ದದ್ದು ಹೋಗುತ್ತದೆಯೇ? ಇಂಥ ಕ್ಷುಲ್ಲಕ ಸಂಗತಿಗಳಿಗೆ ಜಾಗ ಸಾಲಲಿಲ್ಲವೆಂದು ಕಾಣುತ್ತದೆ. ತಮ್ಮ ಭಾವಚಿತ್ರವೇ ಅರ್ಧ ಪುಟ ಹಿಡಿದಿತ್ತು. ಅತ್ತೆ ನಮ್ಮಲ್ಲಿ ಇರಲು ಬರುವ ಹಿಂದಿನ ದಿನ, ಮನೆಗೊಬ್ಬರು ಹೆಚ್ಚಾಗುತ್ತಾರೆಂದು ನಾನು ಒಂದಕ್ಕೆ ಎರಡು ಬಾಟಲಿ ಇಳಿಸಿದೆ. ಆಮೇಲೆ ಮರೆತೇಬಿಟ್ಟೆ.

ಅವರು ಬಂದ ದಿನದಿಂದಲೇ ಫ್ಲಶ್ ಕೈಕೊಟ್ಟಿತು. ಗುಂಡಿ ಒತ್ತಿದರೆ ನೀರು ನರಳುತ್ತ ಒಂದು ಸುತ್ತು ಬಂದು ನಿಲ್ಲುತ್ತಿತ್ತು. ಹೋಗಬೇಕಾದದ್ದು ಹೋಗದೆ ನಮ್ಮ ಮುಖ ನೋಡುತ್ತಿತ್ತು. ಬಿಸಿನೀರು ಸುರಿದೆ, ಸೋಡಾಪುಡಿ ಹಾಕಿದೆ, ರಬ್ಬರ್ ಬಟ್ಟಲಿನ ಕೋಲು ಹಿಡಿದು ಬೆವರಿಳಿಯುವ ತನಕ ಒತ್ತಿದೆ. ನಿಮ್ಮ ಚರಂಡಿಯೇ ಕಟ್ಟಿದೆಯೆಂದು ಮೂರು ದೂರು ಕೊಟ್ಟ ಮೇಲೆ ತಮ್ಮ ಸಿಬ್ಬಂದಿ ಬಂದು ಬಾಗಿಲಲ್ಲೇ ನಿಂತು ಕೇಳಿದರು.

“ಮನೇಲಿ ವಯಸ್ಸಾದವರು ಯಾರಾದ್ರೂ ಇದ್ದಾರಾ?”

“ನಮ್ಮತ್ತೆ ಇದ್ದಾರೆ.”

“ಹಾಗಾದ್ರೆ ಬಟ್ಟೆ ಗಿಟ್ಟೆ ಹಾಕಿರ್ತಾರೆ ಬಿಡಿ.”

ಅಲ್ಲಿಗೆ ಪರಿಶೀಲನೆ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದಕ್ಕೂ ಮಂಡಳಿಯಲ್ಲಿ ತರಬೇತಿ ಕೊಡುತ್ತಾರೆಯೇ?

ಆದರೆ ಬರೆ ಹಾಕಿದ ಕೈ ನನ್ನದೇ. ಹೆಂಡತಿ ಮಕ್ಕಳ ಎದುರಿಗೇ ಕೇಳಿದೆ: “ಅತ್ತೆ, ಏನಾದ್ರೂ ಹಾಕಿದ್ರೆ ಹೇಳಿಬಿಡಿ, ನಾನೇನೂ ಅಂದ್ಕೊಳ್ಳಲ್ಲ.”

“ಇಲ್ಲ ಅಳಿಯಂದ್ರೇ, ನಾನೇನೂ ಹಾಕಿಲ್ಲ,” ಎಂದರು. ನಾನು ನಕ್ಕೆ. ಆ ನಗು ನೆನಪಾದರೆ ಈಗ ನಾಚಿಕೆಯಾಗುತ್ತದೆ. ಮಾರನೆಯ ದಿನದಿಂದ ಅವರು ಮಂಡಿನೋವಿನಲ್ಲೇ ಬಕೆಟ್ಟು ಎತ್ತಿ ನೀರು ಸುರಿಯತೊಡಗಿದರು. ಆಮೇಲೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಮೂರನೇ ವಾರ ಬಟ್ಟೆ ತುಂಬಿಕೊಂಡು ನನ್ನ ನಾದಿನಿಯ ಮನೆಗೆ ಹೊರಟರು. “ಅಲ್ಲೇ ಅನುಕೂಲ,” ಎಂದಷ್ಟೇ ಹೇಳಿದರು.

ಅವರು ಹೋದ ಮೇಲೂ ಫ್ಲಶ್ ಹಾಗೆಯೇ ಇತ್ತು. ಆಗ ಟ್ಯಾಂಕಿನ ಮುಚ್ಚಳ ತೆಗೆದೆ. ಎರಡು ಬಾಟಲಿಗಳೂ ನಾನಿಟ್ಟಲ್ಲೇ ಇದ್ದವು. ಮಾನ್ಯರೇ, ನಾನು ಗಡಿಯಾರ ರಿಪೇರಿ ಮಾಡುವವನು. ಮೂವತ್ತು ವರ್ಷದಲ್ಲಿ ಹಿಂದಿನ ಮುಚ್ಚಳ ಬಿಚ್ಚಿ ನೋಡದೆ ಯಾವ ಗಡಿಯಾರದ ಮೇಲೂ ತಪ್ಪು ಹೊರಿಸಿದವನಲ್ಲ. ಬಾಟಲಿ ತೆಗೆದು ಗುಂಡಿ ಒತ್ತಿದೆ, ಒಂದೇ ಸಲಕ್ಕೆ ಎಲ್ಲ ಹೋಯಿತು. “ಹೇಗೆ ಸರಿಹೋಯ್ತು?” ಎಂದು ಹೆಂಡತಿ ಕೇಳಿದಳು. “ಕಟ್ಟಿಕೊಂಡಿತ್ತು, ತೆಗೆದೆ,” ಎಂದೆ. ತನ್ನ ತಾಯಿಯದೇ ತಪ್ಪೆಂದು ಅವಳು ಇಂದಿಗೂ ನಂಬಿದ್ದಾಳೆ. ಬಾಟಲಿಗಳನ್ನು ಅಂಗಡಿಯ ಮೇಜಿನ ಕೆಳಗೆ ಬಚ್ಚಿಟ್ಟಿದ್ದೇನೆ.

ನನ್ನ ಒತ್ತಾಯ ಇಷ್ಟೇ. ಮುಂದಿನ ಕರಪತ್ರದಲ್ಲಿ ತಮ್ಮ ಭಾವಚಿತ್ರವನ್ನು ಸ್ವಲ್ಪ ಕಿರಿದು ಮಾಡಿ ಒಂದು ಸಾಲು ಸೇರಿಸಿ: ‘ಮನೆಯವರನ್ನು ದೂರುವ ಮೊದಲು ಮುಚ್ಚಳ ತೆಗೆದು ನೋಡಿ.’

ನಿಮ್ಮ ಕಚೇರಿಯಲ್ಲಿ ಇದನ್ನು ಯಾರೂ ಓದುವುದಿಲ್ಲವೆಂದು ಬಲ್ಲೆ. ಆದರೆ ನಮ್ಮ ಅತ್ತೆ ಈ ಪತ್ರಿಕೆಯ ಓದುಗರ ಪತ್ರಗಳನ್ನು ದಿನವೂ ಒಂದಕ್ಷರ ಬಿಡದೆ ಓದುತ್ತಾರೆ. ಮೂರು ಸಲ ಫೋನು ಮಾಡಿ, ಹೇಳಲು ಬಾಯಿ ಬಾರದೆ, ‘ಮಂಡಿ ಹೇಗಿದೆ’ ಎಂದು ಕೇಳಿ ಇಟ್ಟವನು ನಾನು.

ಅತ್ತೆ, ನೀವು ಏನೂ ಹಾಕಿರಲಿಲ್ಲ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ದಯವಿಟ್ಟು ಬಾಗಿಲು ತೆಗೆಯಿರಿ.

ಇಂತಿ,
ಎರಡು ಬಾಟಲಿ ಇಟ್ಟ ನಿಮ್ಮ ಅಳಿಯ