ಏಳು ಮಡಕೆ ರಾಗಿ

ಅತ್ತಮ್ಮಾ,

ಬದುಕಿದ್ದಾಗ ನಿಮ್ಮನ್ನು ಹೀಗೆ ಕರೆದವಳಲ್ಲ ನಾನು. ಗೌರಿಬಿದನೂರಿನ ಕಡೆಯಿಂದ ಬಂದವಳು, ದಿಬ್ಬೂರಹಳ್ಳಿಯ ನಿಮ್ಮ ಮನೆಯ ತೆಲುಗು ನನ್ನ ನಾಲಿಗೆಗೆ ಹತ್ತಲಿಲ್ಲ, ಹತ್ತಿಸಿಕೊಳ್ಳಲೂ ಇಲ್ಲ. ‘ಅತ್ತೆ’ ಅಂದರೆ ಸಾಕು ಅಂದುಕೊಂಡಿದ್ದೆ. ನಿನ್ನೆ ಶಿಡ್ಲಘಟ್ಟದಿಂದ ಬಂದಾಗಿನಿಂದ ಯಾವ ಕೆಲಸವೂ ಸಾಗುತ್ತಿಲ್ಲ. ಒಲೆ ಹಚ್ಚಲು ಹೋಗಿ ಹಾಗೇ ಕೂತುಬಿಟ್ಟೆ. ನಿಮ್ಮ ಮಗ ಏನಾಯಿತು ಅಂತ ಎರಡು ಸಲ ಕೇಳಿದರು, ಏನಿಲ್ಲ ಅಂದೆ. ನಿಮಗೆ ಓದಲು ಬರುತ್ತಿರಲಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ಹೋದ ಕಡೆ ಅಷ್ಟಾದರೂ ಕಲಿತಿದ್ದೀರೋ ಏನೋ.

ನಿಮ್ಮ ಹನ್ನೊಂದನೆಯ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ಮೈಲಿಗೆ ಕಳೆಯಬೇಕು ಅಂತ ಬೆಳಗ್ಗೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದೆ. ಅಡುಗೆಯ ಹಳೇ ಮಡಕೆಗಳನ್ನು ಹೊರಗೆ ಹಾಕುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ನೀವು ಪ್ರಾಣ ಬಿಟ್ಟ ಕೋಣೆಯಲ್ಲಿ ಗೋಡೆಗೆ ಒತ್ತಿಕೊಂಡು ಇನ್ನೂ ಏಳು ಮಡಕೆ ಇದ್ದವು, ಬಾಯಿಗೆ ಸಗಣಿ ಮೆತ್ತಿದ್ದವು. ನಿಮ್ಮ ಬೀಜದ ರಾಗಿ. ಮಣ್ಣಿನ ಮಡಕೆಗೆ ಮೈಲಿಗೆ, ಕಾಳಿಗೆ ಮೈಲಿಗೆಯಿಲ್ಲ ಅಂತ ನಾನೇ ತೀರ್ಪು ಕೊಟ್ಟೆ. ಏಳರಲ್ಲಿದ್ದದ್ದನ್ನೂ ಒಂದೇ ಗೋಣಿಚೀಲಕ್ಕೆ ಸುರಿದು, ಹುಳ ಬೀಳದಿರಲಿ ಅಂತ ನೀವು ಬೆರೆಸಿದ್ದ ಬೂದಿಯನ್ನು ಕೇರಿ ತೆಗೆದು, ಮಡಕೆಗಳನ್ನು ಕೆರೆ ಕಟ್ಟೆಯ ಹತ್ತಿರ ಒಡೆಸಿದೆ. ರಾಗಿ ಅಂದರೆ ರಾಗಿ ತಾನೇ? ಬಂದ ನೆಂಟರೆಲ್ಲ, ಸೊಸೆ ಅಂದರೆ ಹೀಗಿರಬೇಕು, ಒಂದು ಕಸ ಬಿಡಲಿಲ್ಲ ಅಂದರು. ನಾನೂ ಉಬ್ಬಿದೆ.

ಆ ಚೀಲ ಬಿಚ್ಚಿ ಬಿತ್ತನೆ ಮಾಡಿದ ವರ್ಷದ ಹೊಲ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅಷ್ಟರಲ್ಲಿ ಅರ್ಧ ರಾಗಿ ಮುದ್ದೆಯಾಗಿ ಹೊಟ್ಟೆ ಸೇರಿತ್ತು. ಉಳಿದದ್ದನ್ನು ಮೊರದಲ್ಲಿ ತುಂಬಿ ನಿಮ್ಮ ಮಗನ ಕೈಗೆ ಕೊಟ್ಟೆ. ಪೈರು ಎದ್ದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಕೊಯ್ಲಿಗೆ ಕುಡುಗೋಲು ಹಿಡಿದು ಹೋದರೆ ಒಂದು ಗಿಡ ಒಣಗಿ ಕಾಳು ಉದುರಿಸುತ್ತಿದೆ, ಪಕ್ಕದ್ದು ಇನ್ನೂ ಹಾಲುಗಾಳು, ಅದರ ಪಕ್ಕದ್ದು ಆಗ ತಾನೆ ತೆನೆ ತೆಗೆಯುತ್ತಿದೆ. ಮೊಣಕಾಲಿನಷ್ಟು ಎತ್ತರದ್ದೊಂದು, ಎದೆಯವರೆಗೆ ಬೆಳೆದದ್ದೊಂದು. ಯಾವುದನ್ನು ಕೊಯ್ಯುವುದು, ಯಾವುದನ್ನು ಬಿಡುವುದು? ಅಕ್ಕಪಕ್ಕದ ಹೊಲದವರು ಬಂದು ನಿಂತು ನೋಡಿದರು. ನಿಮ್ಮ ಮಗ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಯಾವುದನ್ನು ಯಾವ ಮಳೆಗೆ ಹಾಕಿಸುತ್ತಿದ್ದಳು ಗೊತ್ತಾ ಅಂತ ನನ್ನನ್ನೇ ಕೇಳಿದರು. ಬಿತ್ತನೆಯ ಬೆಳಗ್ಗೆ ನೀವು ಬುಟ್ಟಿ ಕೊಡುತ್ತಿದ್ದಿರಿ, ಅವರು ತೆಗೆದುಕೊಂಡು ಹೋಗುತ್ತಿದ್ದರು. ಗಂಡಸರು ಬೀಜದ ಮಡಕೆ ಮುಟ್ಟುವ ಪದ್ಧತಿ ಎಲ್ಲಿತ್ತು? ಮಾರನೆಯ ವರ್ಷ ಅವರು ಸರ್ಕಾರದ ಹೊಸ ಬೀಜ ತಂದು ಹಾಕಿದರು. ಒಂದೇ ಎತ್ತರ, ಒಂದೇ ದಿನ ಕೊಯ್ಲು. ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಆಮೇಲೆ ಮಡಕೆಯ ವಿಷಯ ನಾವಿಬ್ಬರೂ ಎತ್ತಲಿಲ್ಲ.

ನೀವು ಹೋಗುವುದಕ್ಕೆ ಮೂರು ವರ್ಷ ಮೊದಲಿನ ಒಂದು ಮಧ್ಯಾಹ್ನ ಈಗ ಎದೆಗೆ ಬಂದು ಒದೆಯುತ್ತಿದೆ. ನಿಮ್ಮ ಮೊಮ್ಮಗಳು ಸರೋಜ ಆಗ ಎರಡನೇ ಕ್ಲಾಸು. ಸ್ಕೂಲಿನಿಂದ ಅಳುತ್ತಾ ಬಂದಳು. ‘ನಿಮ್ಮ ಊರಿನ ಬೆಳೆಗಳ ಹೆಸರು ಹೇಳಿ’ ಅಂತ ಮೇಷ್ಟ್ರು ಕೇಳಿದ್ದಕ್ಕೆ ನೀವು ಕಲಿಸಿದ ತೆಲುಗು ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿದಳಂತೆ, ಇಡೀ ಕ್ಲಾಸು ನಕ್ಕಿತಂತೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನೀವು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಿರಿ.

“ಮಗು ಹತ್ರ ಮಾತಾಡೋದಾದ್ರೆ ಕನ್ನಡದಲ್ಲಿ ಮಾತಾಡಿ ಅತ್ತೆ. ಇಲ್ಲಾಂದ್ರೆ ಸುಮ್ಮನಿರಿ” ಅಂದೆ.

ನೀವು ಸುಮ್ಮನಾದಿರಿ. ಸಂತೆಗೆ ಸಾಕಾಗುವಷ್ಟು ಕನ್ನಡ ನಿಮಗೆ ಬರುತ್ತಿತ್ತು, ಮೊಮ್ಮಗಳ ಜೊತೆ ಮಾತಾಡಲು ಅದು ಸಾಲುತ್ತಿರಲಿಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ. ಮೊದಲೆಲ್ಲ ಮಡಕೆ ಬಿಚ್ಚಿದ ದಿನ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಂಗೈಗೆ ಚಿಟಿಕೆ ಕಾಳು ಹಾಕಿ, ಇದು ಯಾವ ಮಣ್ಣಿಗೆ, ಯಾವ ಮಳೆಗೆ, ಯಾವುದರ ಗಂಜಿ ಬಾಣಂತಿಗೆ ಒಳ್ಳೆಯದು ಅಂತ ರಾಗವಾಗಿ ಹೇಳುತ್ತಿದ್ದಿರಿ. ಆಮೇಲೆ ಕಾಳನ್ನು ಮಾತ್ರ ಹಾಕುತ್ತಿದ್ದಿರಿ. ಅವಳು ಅದನ್ನು ಕೋಳಿಗೆ ಎರಚಿ ಆಡಲು ಓಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಮನೆ ತಣ್ಣಗಾಯಿತು, ಮುದುಕಿಗೆ ಬುದ್ಧಿ ಬಂತು ಅಂದುಕೊಂಡೆ. ಮೂರು ವರ್ಷ, ಅತ್ತಮ್ಮಾ. ಒಂದು ದಿನವಾದರೂ ನೀವು ನನ್ನ ಮೇಲೆ ಜಗಳಕ್ಕೆ ಬರಬಾರದಿತ್ತೇ?

ಹೋದ ವಾರ ಗ್ರಾಮಸೇವಕ ಬಂದು ಜಗಲಿಯ ಮೇಲೆ ಕೂತ. ಈಗ ಹೊಸ ಬೀಜ ಹಂಚುವವರೇ ಹಳೇ ಬೀಜವನ್ನೂ ಹುಡುಕುತ್ತಿದ್ದಾರಂತೆ, ಊರೂರಿನಿಂದ ಒಂದೊಂದು ಹಿಡಿ, ಹೆಸರಿನ ಸಮೇತ. ಚಿಕ್ಕಬಳ್ಳಾಪುರದಲ್ಲಿ ಅವರಿಗೆಲ್ಲ ಪಾಠ ಮಾಡಿದ ಸಾಹೇಬರೊಬ್ಬರು ಹೇಳಿದರಂತೆ: ಬೆಟ್ಟದ ಒಂದೊಂದು ಕಣಿವೆಗೂ ಒಂದೊಂದು ಮಾತು ಇರುವ ದೇಶಗಳಿವೆಯಂತೆ, ಅಲ್ಲಿ ಧಾನ್ಯ, ಗೆಡ್ಡೆ, ಮದ್ದಿನ ಸೊಪ್ಪು ಎಲ್ಲ ಕಣಿವೆಗೊಂದು ಬಗೆಯಂತೆ. ಜನ ತಮ್ಮ ಮಾತು ಬಿಟ್ಟ ಕಡೆ, ಒಂದು ತಲೆಮಾರು ಕಳೆಯುವುದರಲ್ಲಿ ಅವೂ ಕಾಣೆಯಂತೆ. ಗುರುತಿಸುವ ಹೆಸರೇ ಇಲ್ಲದ ಮೇಲೆ ಯಾರು ಎತ್ತಿಡುತ್ತಾರೆ ಅಂದ. ಎಲ್ಲಿಯ ದೇಶ, ಎಲ್ಲಿಯ ಕಣಿವೆ ಅಂತ ನಾನು ಮಜ್ಜಿಗೆ ಕೊಡುತ್ತಾ ನಕ್ಕೆ. ನಮ್ಮತ್ತೆಯ ಹತ್ತಿರವೂ ಏಳು ಥರ ರಾಗಿ ಇತ್ತಪ್ಪ ಅಂತ ಜಂಬದಿಂದಲೇ ಹೇಳಿದೆ. ಅವನು ಪುಸ್ತಕ ಬಿಚ್ಚಿದ.

“ಹೆಸರು ಹೇಳಿ ಅಮ್ಮ, ಬರ್ಕೊಳ್ತೀನಿ.”

ಬಾಯಿ ತೆರೆದೆ. ಒಂದೂ ಇಲ್ಲ. ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೆ, ನೀವು ಸುಮ್ಮನಾಗುವ ತನಕ ಪ್ರತಿ ವರ್ಷ ನಿಮ್ಮ ಬಾಯಿಂದ ಆ ಏಳೂ ಹೆಸರು ಕೇಳಿದ್ದೆ. ಒಂದೂ... ಸರೋಜಳನ್ನು ಕೂಗಿದೆ. ಅಜ್ಜಿ ಏನೋ ಹೇಳುತ್ತಿದ್ದರು, ನೆನಪಿಲ್ಲ ಅಂದುಬಿಟ್ಟು ಪುಸ್ತಕಕ್ಕೆ ತಲೆ ಹಾಕಿದಳು. ಗ್ರಾಮಸೇವಕ ಪುಸ್ತಕದಲ್ಲಿ ನಮ್ಮ ಮನೆಯ ಹೆಸರಿನ ಮುಂದೆ ‘ಬೆರಕೆ ರಾಗಿ, ಹೆಸರು ತಿಳಿಯದು’ ಅಂತ ಬರೆದುಕೊಂಡು ಹೋದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಹೆಂಗಸು ನಾನೇ. ಐದೆಕರೆ ಹೊಲ, ಎರಡು ಜೊತೆ ಎತ್ತು ಇರುವ ಮನೆಯ ಯಜಮಾನಿ ಅಂದುಕೊಂಡು ತಿರುಗುತ್ತಿದ್ದೆ.

ನಿನ್ನೆ ನಿಮ್ಮ ಮಗ ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೊರಟಾಗ ಸರೋಜಳ ಲಂಗದ ಬಟ್ಟೆ ನೆಪ ಮಾಡಿಕೊಂಡು ನಾನೂ ಹೊರಟೆ. ನಮ್ಮ ಗೂಡು ಕೊಳ್ಳುವ ಸಾಬರ ಮನೆಯಲ್ಲಿ, ಅವರ ಹೆಂಡತಿ ಬೀಬಮ್ಮ ನನ್ನನ್ನು ಒಳಗೆ ಕರೆದು ಮಣೆ ಹಾಕಿದರು. ಅವರ ಮನೆಮಾತು ಉರ್ದು. ಬೀಬಮ್ಮನ ತವರು ಮದನಪಲ್ಲಿ, ತೆಲುಗು ನೀರು ಕುಡಿದ ಹಾಗೆ ಬರುತ್ತದೆ. ಅದು ನನಗೆ ಗೊತ್ತಾದದ್ದೇ ನಿನ್ನೆ. ನಿಮಗಂತೂ ಗೊತ್ತಿತ್ತು. ಪ್ರತಿ ಗೂಡಿನ ಬೆಳೆಗೂ ಮಗನ ಜೊತೆ ಬಂದು, ಅವರ ಹಿತ್ತಲಲ್ಲಿ ಕೂತು, ಮಾತೇ ನಿಲ್ಲಿಸುತ್ತಿರಲಿಲ್ಲವಂತೆ ನೀವು. ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದ ಅದೇ ಮುದುಕಿ! ನಾನು ಗ್ರಾಮಸೇವಕನ ಕಥೆ ಹೇಳಿ, ನಮ್ಮತ್ತೆಯ ರಾಗಿಗಳ ಹೆಸರು ನಿಮಗೇನಾದರೂ ಗೊತ್ತಾ ಅಂತ ಸುಮ್ಮನೆ ಕೇಳಿದೆ. ಆ ತಾಯಿ ಎದ್ದು ಹೋಗಿ ಅಟ್ಟದಿಂದ ಎರಡು ಡಬ್ಬ ಇಳಿಸಿ ನನ್ನ ಮುಂದೆ ಇಟ್ಟರು.

“ಇದನ್ನ ಕೇಳೋಕೆ ಮೂರು ವರ್ಷ ಬೇಕಾಯ್ತಾ ರತ್ನಮ್ಮಾ?”

ಕೊನೆಯ ಸಲ ಬಂದಾಗ ನೀವು ಸೆರಗಿನಲ್ಲಿ ನಾಲ್ಕು ಗಂಟು ಕಟ್ಟಿ ತಂದಿದ್ದಿರಂತೆ. ಇನ್ನು ಮೂರು ಮುಂದಿನ ಸಲ ಅಂದಿದ್ದಿರಂತೆ. ಆ ಮುಂದಿನ ಸಲ ಬರಲೇ ಇಲ್ಲ. ನಾಲ್ಕರಲ್ಲಿ ಎರಡು ಅವರ ಕೈಯಲ್ಲಿ ಮೊಳೆಯಲಿಲ್ಲ, ಅವುಗಳ ಹೆಸರೂ ಅವರಿಗೆ ಮರೆತುಹೋಗಿದೆ. ಇನ್ನೆರಡನ್ನು ಆ ಪುಣ್ಯಾತ್ಗಿತ್ತಿ ಬಾವಿಯ ಪಕ್ಕದ ನಾಲ್ಕು ಮಡಿಯಲ್ಲಿ ವರ್ಷ ವರ್ಷವೂ ಬೆಳೆದು, ಹೊಸ ಬೀಜ ಮಾಡಿ ಎತ್ತಿಟ್ಟಿದ್ದಾರೆ. ಪೊಟ್ಟಿ ರಾಗುಲು ಅಂದರೆ ಗಿಡ್ಡ ರಾಗಿ, ನಲ್ಲ ರಾಗುಲು ಅಂದರೆ ಕಪ್ಪು ರಾಗಿ. ಯಾವ ಮಣ್ಣು, ಯಾವ ಮಳೆ, ಎಲ್ಲವನ್ನೂ ಹೇಳಿದರು, ನಿಮ್ಮದೇ ರಾಗದಲ್ಲಿ. ಇಷ್ಟು ದಿನ ಯಾಕೆ ಹೇಳಿ ಕಳಿಸಲಿಲ್ಲ ಅಂತ ಕೇಳಿದೆ, ಸ್ವಲ್ಪ ಜೋರಾಗಿಯೇ.

“ನಿಮ್ಮತ್ತೆ ಒಂದು ಮಾತು ಹೇಳಿದ್ರು. ‘ಅಡಿಗಿತೇನೇ ಇಯ್ಯಿ’ ಅಂತ. ನನ್ನ ಸೊಸೆ ಕೇಳಿದ್ರೇನೇ ಕೊಡು, ಕೇಳದೆ ಕೊಟ್ರೆ ಅದನ್ನೂ ಮುದ್ದೆ ಮಾಡ್ತಾಳೆ ಅಂದ್ರು.”

ನನ್ನನ್ನು ಅಷ್ಟು ಚೆನ್ನಾಗಿ ತಿಳಿದುಕೊಂಡಿದ್ದಿರಾ ಅತ್ತಮ್ಮಾ? ನಾನು ನಿಮ್ಮ ಏಳು ಕಾಳಿನ ಹೆಸರು ತಿಳಿಯಲಿಲ್ಲ. ಐದು ಹೋದವು. ಅವುಗಳಿಗಾಗಿ ಅಳೋಣ ಅಂದರೆ ಯಾವುದನ್ನು ಹೆಸರು ಹಿಡಿದು ಅಳಲಿ?

ಇವತ್ತು ಬೆಳಗ್ಗೆ ಸರೋಜಳನ್ನು ಕೂರಿಸಿಕೊಂಡೆ. ಅಂಗೈಗೆ ಚಿಟಿಕೆ ಕಾಳು ಹಾಕಿ, ಬೀಬಮ್ಮ ಹೇಳಿದ್ದನ್ನು ನನ್ನ ಮುರುಕು ತೆಲುಗಿನಲ್ಲಿ ಹೇಳತೊಡಗಿದೆ. ಅವಳು ಕೈ ಎಳೆದುಕೊಂಡು ಬೀದಿ ಬಾಗಿಲ ಕಡೆ ನೋಡಿದಳು.

“ಅಮ್ಮ, ಹಾಗೆ ಮಾತಾಡ್ಬೇಡ. ಯಾರಾದ್ರೂ ಕೇಳಿಸ್ಕೊಂಡ್ರೆ ನಗ್ತಾರೆ. ಕನ್ನಡದಲ್ಲಿ ಹೇಳು, ಇಲ್ಲಾಂದ್ರೆ ಸುಮ್ಮನಿರು.”

ನಾನು ಸುಮ್ಮನಿರಲಿಲ್ಲ. ನಿಮ್ಮಷ್ಟು ಒಳ್ಳೆಯವಳಲ್ಲ ನಾನು, ಆ ಮರ್ಯಾದೆಯೂ ನನಗಿಲ್ಲ. ಅವಳು ಕಿವಿ ಮುಚ್ಚಿಕೊಂಡಳು, ನಾನು ಮೊದಲಿನಿಂದ ಮತ್ತೆ ಹೇಳಿದೆ. ನಾಳೆಯೂ ಹೇಳುತ್ತೇನೆ.

ನಿಮ್ಮ ಸೊಸೆ,
ರತ್ನ