ಕಾದರೆ ಕುಗ್ಗುವ ಮಣ್ಣು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ನಿನ್ನ ಪತ್ರಗಳಿಗೆ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. "ಅಮ್ಮಂಗೆ ಮಗಳಿಗಿಂತ ಮಣ್ಣೇ ಹೆಚ್ಚು" ಅಂತ ಗೊಣಗಿಯೂ ಇರುತ್ತೀಯ. ಈ ಸಲ ಗೊಣಗು, ತಪ್ಪಿಲ್ಲ. ಪೆನ್ನು ಹಿಡಿದರೆ ಕೈ ಓಡುತ್ತಿರಲಿಲ್ಲ.

ಅಪ್ಪ ಅಡಿಪಾಯದ ವಿನ್ಯಾಸ ಮಾಡಿಕೊಟ್ಟ ಆಸ್ಪತ್ರೆಯ ಹೊಸ ಕಟ್ಟಡ ನಿನಗೆ ಗೊತ್ತಲ್ಲ. ಒಳಗಿನ ಸೆಕೆಯನ್ನು ನೀರಿನ ಕೊಳವೆಗಳಲ್ಲಿ ಹೊರಗೆಳೆದು, ಅಡಿಪಾಯದ ಕಂಬಗಳ ಮೂಲಕ ನೆಲಕ್ಕೆ ಇಳಿಸುವ ಏರ್ಪಾಡು. ಅವರಿಗೆ ಅದರ ಮೇಲೆ ಎಷ್ಟು ಹೆಮ್ಮೆಯೆಂದರೆ, ಮನೆಗೆ ಬಂದವರಿಗೆಲ್ಲ ಪೆನ್ಸಿಲುಗಳನ್ನು ಕಂಬಗಳ ಹಾಗೆ ನಿಲ್ಲಿಸಿ ವಿವರಿಸುತ್ತಿದ್ದರು. ಅಲ್ಲಿನ ಜೇಡಿಮಣ್ಣಿನ ಸ್ಯಾಂಪಲ್ ನಮ್ಮ ಪ್ರಯೋಗಾಲಯಕ್ಕೆ ಬಂತು. ಕಾಯಿಸಿ, ಒತ್ತಿ ನೋಡಿದೆ. ಸಾಮಾನ್ಯವಾಗಿ ವಸ್ತುಗಳು ಕಾದರೆ ಹಿಗ್ಗುತ್ತವೆ. ಈ ಮೆತ್ತನೆಯ ಜೇಡಿ ನೀರು ಬಿಟ್ಟುಕೊಂಡು ಕುಗ್ಗಿತು. ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು, ಇಡೀ ನೆಲದ ಮಾದರಿ ಕಟ್ಟಿ ಓಡಿಸಿದೆ. ಕೆಲವೇ ಬೇಸಿಗೆಗಳಲ್ಲಿ ಕಟ್ಟಡದ ಒಂದು ಮೂಲೆ ಕುಸಿಯುತ್ತದೆ ಎಂದು ತೋರಿಸಿತು. ನನ್ನ ಲೆಕ್ಕವೇ ತಪ್ಪಾಗಿರಲಿ ಎಂದು ಹಾರೈಸಿಕೊಂಡು ತಪ್ಪು ಹುಡುಕಿದೆ. ಸಿಗಲಿಲ್ಲ.

ರೋಗಿಗಳನ್ನು ಅಲ್ಲಿಗೆ ಕರೆತರುವ ದಿನ ಹತ್ತಿರವಾಗುತ್ತಿತ್ತು. ಆಸ್ಪತ್ರೆಯವರ ಸಭೆಯಲ್ಲಿ, ಅಪ್ಪನ ಎದುರಿಗೇ, ಎದ್ದು ನಿಂತು ಹೇಳಿಬಿಟ್ಟೆ. ಅಪ್ಪ ನನ್ನನ್ನೇ ನೋಡುತ್ತಾ, "ಮೇಡಂ, ಅಂಗೈಯಷ್ಟು ಮಣ್ಣು ಕಾಯ್ಸಿ ಇಡೀ ಕಟ್ಟಡದ ಜಾತಕ ಬರೀತೀರಾ?" ಎಂದರು. ಎಲ್ಲರೂ ನಕ್ಕರು. ಆ 'ಮೇಡಂ' ಇಲ್ಲದಿದ್ದರೆ ನಾನೂ ನಗುತ್ತಿದ್ದೆನೇನೋ.

ಆಸ್ಪತ್ರೆಯ ಮುಖ್ಯಸ್ಥೆ ಮಾತ್ರ ನಗಲಿಲ್ಲ. "ಜಗಳ ಮನೇಲಿ ಆಡ್ಕೊಳ್ಳಿ. ನನ್ನ ರೋಗಿಗಳು ಒಳಗೆ ಬರೋಕ್ ಮುಂಚೆ ಆ ಮೂಲೆ ಒಂದನ್ನ ಚೆನ್ನಾಗಿ ಕಾಯ್ಸಿ ತೋರ್ಸಿ," ಎಂದರು.

ಬೇಸಿಗೆಯ ಸೆಕೆಗಿಂತ ಹೆಚ್ಚು ಬಿಸಿಯಾದ ನೀರನ್ನು ಕೊಳವೆಗಳಲ್ಲಿ ಹರಿಸಿ ಆ ಮೂಲೆಯ ನೆಲ ಕಾಯಿಸಿದರು. ಮೊದಮೊದಲು ಏನೂ ಆಗಲಿಲ್ಲ. ಸಹೋದ್ಯೋಗಿಗಳು ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದರು. ನನ್ನ ಲೆಕ್ಕ ತಪ್ಪಾದರೆ ಊರಿಗೆ ಮುಖ ತೋರಿಸುವಂತಿಲ್ಲ, ಸರಿಯಾದರೆ ನಿಮ್ಮಪ್ಪನ ಮುಖ ನೋಡುವಂತಿಲ್ಲ. ಕಳೆದ ವಾರ ಆ ಮೂಲೆಯ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಅಪ್ಪ ಭುಜ ಕೊಟ್ಟು ತಳ್ಳಿದರು, ತೆರೆಯಲಿಲ್ಲ. ಮಂಡಿಯೂರಿ, ಗೋಡೆಯಂಚಿನ ಬಿರುಕಿಗೆ ಉಗುರು ತೂರಿಸಿ ನೋಡಿದರು. ಎದ್ದು, ಯಾರ ಮುಖವನ್ನೂ ನೋಡದೆ, "ಬಿಸಿ ನಿಲ್ಸಿ. ಒಳಗೆ ಯಾರ್ನೂ ತರ್ಬೇಡಿ," ಎಂದರು.

ಈಗ ಸೆಕೆಯನ್ನು ಚಾವಣಿಯಿಂದ ಹೊರಬಿಡುವ ಏರ್ಪಾಡಾಗುತ್ತಿದೆ. ಬಿಸಿ ನಿಲ್ಲಿಸಿದ ಮೇಲೂ ಆ ಮೂಲೆ ಕೂದಲೆಳೆಯಷ್ಟು ಇಳಿದಿದೆ. ದಿನಾ ಬೆಳಿಗ್ಗೆ ಹೋಗಿ ಅಳೆಯುತ್ತೇನೆ. ರೋಗಿಗಳು ಹಳೆಯ ಕಟ್ಟಡದಲ್ಲೇ ಕ್ಷೇಮವಾಗಿದ್ದಾರೆ. ಎಲ್ಲರೂ ನನ್ನ ಕೈ ಕುಲುಕುತ್ತಾರೆ. ನನಗೋ ಕೈ ಬಿಡಿಸಿಕೊಂಡು ಓಡಿಹೋಗೋಣ ಅನ್ನಿಸುತ್ತದೆ.

ಹೊತ್ತಿಗೆ ಸರಿಯಾಗಿ ತಿನ್ನು. ಓದೋದಿದೆ ಅಂತ ನಿದ್ದೆಗೆಡಬೇಡ. ನಗುನಗುತ್ತಾ ನೂರು ಕಾಲ ಬಾಳು, ಕಂದ.

ನಿನ್ನ
ಅಮ್ಮ

ತಾ.ಕ.: ಮನೆಗೆ ಫೋನ್ ಮಾಡಿದರೆ ಅಪ್ಪ ಸಿಗುವುದಿಲ್ಲ. ಬಿಸಿ ನಿಲ್ಲಿಸಿದ ದಿನದಿಂದ ದೊಡ್ಡಪ್ಪನ ಮನೆಯಲ್ಲಿದ್ದಾರೆ. ತಪ್ಪು ತೋರಿಸಿದ್ದಕ್ಕೆ ಅವರಿಗೆ ಕೋಪವಿಲ್ಲ. ಹೊರಡುವಾಗ ಕೇಳಿದ್ದು ಒಂದೇ: "ದಿನಾ ಎದುರುಬದುರು ಕೂತು ಊಟ ಮಾಡ್ತಿದ್ವಲ್ಲೇ, ನಂಗೆ ಮೊದ್ಲು ಯಾಕೆ ಹೇಳ್ಲಿಲ್ಲ?" ಹೇಳಿದ್ದರೆ ಅವರು "ಏನೂ ಆಗಲ್ಲ, ಬಿಡೇ" ಅನ್ನುತ್ತಿದ್ದರು. ನಾನು ಬಿಟ್ಟುಬಿಡುತ್ತಿದ್ದೆ, ಪುಟ್ಟೀ. ಅದನ್ನು ಅವರಿಗೆ ಹೇಗೆ ಹೇಳಲಿ?