ಹುಲ್ಲುಗಾವಲನ್ನು ಉಳಿಸಲು ಹತ್ತು ತುಂಡು ಮಾಡಬೇಕೆನ್ನುವ ನಿಯಮ

ಊರ ಯೋಜನಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನಮ್ಮ ತಂದೆಯವರ ಜಮೀನನ್ನು ಉಳಿಸಿಕೊಳ್ಳಲು ನೀವು ಸೂಚಿಸಿರುವ ದಾರಿ ಕಳೆದ ವಾರ ಅಂಚೆಯಲ್ಲಿ ತಲುಪಿತು. ಅದನ್ನು ಹತ್ತು ತುಂಡು ಮಾಡಬೇಕಂತೆ. ಪ್ರತಿ ತುಂಡಿಗೂ ಒಂದು ಮನೆ, ಪ್ರತಿ ಮನೆಗೂ ರಸ್ತೆಯವರೆಗೆ ಅದರದೇ ಆದ ಕಾರುದಾರಿ. ಹೀಗೆ ಮಾಡಿದರೆ ಕೂಡಲೇ ಅನುಮತಿ. ಅದರ ಬದಲು ಹತ್ತೂ ಮನೆಗಳನ್ನು ಬೆಳೆ ಬಾರದ ಕಲ್ಲುಮೂಲೆಯಲ್ಲಿ ಒತ್ತೊತ್ತಾಗಿ ಕಟ್ಟಿಕೊಂಡು, ಉಳಿದ ಹುಲ್ಲುಗಾವಲು, ಕಾಡು, ತೊರೆಗಳಲ್ಲಿ ಇನ್ನೆಂದಿಗೂ ಯಾರೂ ಒಂದು ಗೋಡೆಯನ್ನೂ ಎಬ್ಬಿಸದಂತೆ ಒಪ್ಪಂದ ಮಾಡಿಕೊಳ್ಳುತ್ತೇವೆಂದರೆ ಅನುಮತಿ ಇಲ್ಲ. ಈ ನಿಯಮಕ್ಕೆ ನೀವಿಟ್ಟ ಹೆಸರು ‘ಗ್ರಾಮೀಣ ಸ್ವರೂಪದ ಸಂರಕ್ಷಣೆ’. ಹೆಸರಿಟ್ಟವರ ಹಾಸ್ಯಪ್ರಜ್ಞೆಗೆ ಮೊದಲು ನನ್ನ ಅಭಿನಂದನೆ.

ನಾವು ಮೂವರು ಒಡಹುಟ್ಟಿದವರು. ಅಕ್ಕ ಮೊರೀನ್ ಬರ್ಲಿಂಗ್ಟನ್ನಿನ ಆಸ್ಪತ್ರೆಯಲ್ಲಿ ದಾದಿ. ಅಣ್ಣ ಎವರೆಟ್ ಹಸುಗಳನ್ನು ಸಾಕುತ್ತಾನೆ, ಬೇರೇನನ್ನೂ ಮಾಡಲು ಅವನಿಗೆ ಬಾರದು, ಇಷ್ಟವೂ ಇಲ್ಲ. ಕಿರಿಯವಳು ನಾನು. ಅಪ್ಪ ತೀರಿಕೊಂಡ ಮೇಲೆ ಜಮೀನು ಮೂವರ ಹೆಸರಿಗೂ ಬಂತು. ಪಾಲಿನ ಮಾತು ಎತ್ತಿದವಳು ಅಕ್ಕ. ಆಕೆಯನ್ನು ಖಳನಾಯಕಿ ಎಂದು ಯಾರೂ ಭಾವಿಸಬಾರದು.

“ನೋಡೋ, ನಿನ್ನ ಹಸು ಮಾರು ಅಂತ ನಾನು ಹೇಳ್ತಿಲ್ಲ. ಆದ್ರೆ ನನ್ನ ಪಾಲಿಗೆ ಬರೋದೇನು? ಸಗಣಿ ವಾಸನೇನಾ?” ಎಂದಳು.

“ವಾಸನೆ ಪೂರ್ತಿ ನೀನೇ ಇಟ್ಕೊ ಅಕ್ಕಾ. ಅದ್ರಲ್ಲಿ ನಾನು ಒಂದು ಚೂರೂ ಪಾಲು ಕೇಳಲ್ಲ,” ಎಂದ ಅಣ್ಣ.

ಆ ನಗುವಿನ ನಡುವೆಯೇ ಈ ಯೋಜನೆ ಹುಟ್ಟಿತು. ಕಲ್ಲುಮೂಲೆಯ ಮನೆಗಳಿಂದ ಅಕ್ಕನಿಗೆ ಅವಳ ಪಾಲು ಸಿಗುತ್ತದೆ. ಅಲ್ಲಿಗೆ ಬರುವ ಕುಟುಂಬಗಳೆಲ್ಲ ಸೇರಿ ಹುಲ್ಲುಗಾವಲಿನ ಒಡೆಯರಾಗುತ್ತಾರೆ. ಎವರೆಟ್ ಅದರಲ್ಲಿ ಎಂದಿನಂತೆ ಹಸು ಮೇಯಿಸುತ್ತಾನೆ, ಚಳಿಗಾಲದ ಹುಲ್ಲು ಕೊಯ್ಯುತ್ತಾನೆ. ಕೆಲವು ಕುಟುಂಬಗಳು ಈಗಾಗಲೇ ನಮ್ಮ ಹಳೆಯ ಮನೆಯ ಕೋಣೆಗಳಲ್ಲಿ ಬಾಡಿಗೆಗಿದ್ದು, ಕಟ್ಟುವ ದಿನಕ್ಕಾಗಿ ಕಾಯುತ್ತಿವೆ.

ನಿಮ್ಮ ಎರಡನೆಯ ಆಕ್ಷೇಪ ಇನ್ನೂ ಸೊಗಸಾಗಿದೆ: “ನಿವಾಸಿಗಳಿಗೂ ಜಾನುವಾರುಗಳಿಗೂ ಘರ್ಷಣೆ ಸಂಭವಿಸಿದ ಪೂರ್ವನಿದರ್ಶನವಿದೆ.” ಓದುವವರು ಹಸು ಯಾರನ್ನೋ ತಿವಿದಿರಬೇಕು ಎಂದುಕೊಂಡಾರು. ನಡೆದದ್ದು ಇಷ್ಟು. ಹೊಲದ ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು, ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ, ಎಂಬುದು ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ನಗರದಿಂದ ಬಂದು ನಮ್ಮಲ್ಲಿ ಬಾಡಿಗೆಗಿರುವ ನಿವೃತ್ತ ದಂತವೈದ್ಯ ಲಯನೆಲ್ ಆಸ್ಟ್ರಾಂಡರ್ ಅವರಿಗೆ ಗೊತ್ತಿರಲಿಲ್ಲ. ಬಲು ಅಚ್ಚುಕಟ್ಟಿನ ಮನುಷ್ಯ. ಸಂಜೆ ತಿರುಗಾಡಲು ಹೋದವರು ತೆರೆದಿದ್ದ ಗೇಟನ್ನು ಕಂಡು ಮುಚ್ಚಿ, ಚಿಲಕ ಹಾಕಿ ಬಂದರು. ಸ್ವಲ್ಪ ಹೊತ್ತಿಗೆ ಅದರ ಹಿಂದೆ ಇಡೀ ಮಂದೆ ಸಾಲುಗಟ್ಟಿ ನಿಂತು ಒದರತೊಡಗಿತು.

“ಗೇಟು ಯಾರ್ರೀ ಹಾಕಿದ್ದು?” ಎಂದು ಅಣ್ಣ ಕೂಗಿದ.

“ನಾನೇ,” ಎಂದರು ಲಯನೆಲ್, ಹೊಗಳಿಕೆಯ ನಿರೀಕ್ಷೆಯಲ್ಲಿ. “ಯಾರೋ ಬೇಜವಾಬ್ದಾರಿ ಜನ, ಹಾಗೇ ಬಿಟ್ಟು ಹೋಗಿದ್ರು.”

“ಆ ಬೇಜವಾಬ್ದಾರಿ ಮನುಷ್ಯ ನಾನೇ ಡಾಕ್ಟ್ರೇ. ಹಾಲು ಕರೆಸ್ಕೊಳ್ಳೋಕೆ ಬರ್ತಿದ್ವು ಪಾಪ. ಈಗ ನಿಮ್ಹತ್ರ ಹಲ್ಲು ತೋರಿಸೋಕೆ ಕ್ಯೂ ನಿಂತಿವೆ ನೋಡಿ.”

ಈ ಕತೆಯನ್ನು ಮಾರ್ಚಿ ತಿಂಗಳ ಊರ ಸಭೆಯ ಊಟದಲ್ಲಿ ಸ್ವತಃ ಲಯನೆಲ್ ಅವರೇ ಹೇಳಿದರು. ನೀವು ನಮ್ಮೆದುರಿಗೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ನಗಲೆಂದು ಹೇಳಿದ್ದು ನಿಮ್ಮ ಕಚೇರಿಗೆ ಹೋಗುವಷ್ಟರಲ್ಲಿ ಸಾಕ್ಷ್ಯವಾಗುತ್ತದೆಂದು ತಿಳಿದಿದ್ದರೆ, ಹವಾಮಾನದ ಬಗ್ಗೆಯಷ್ಟೇ ಮಾತಾಡುತ್ತಿದ್ದೆವು.

ಸಾಕ್ಷ್ಯವೇ ಬೇಕೆಂದರೆ ಈ ಜುಲೈನಲ್ಲಿ ನಡೆದದ್ದನ್ನೂ ಬರೆದುಕೊಳ್ಳಿ. ನಮ್ಮ ಹುಲ್ಲಿನ ನಡುವೆ ಬೊಬೊಲಿಂಕ್ ಹಕ್ಕಿಗಳು ನೆಲದ ಮೇಲೆಯೇ ಗೂಡು ಕಟ್ಟುತ್ತವೆ. ಮರಿಗಳು ಹಾರುವವರೆಗೆ ಕೊಯ್ಯಬಾರದೆಂದು ಎಲ್ಲ ಕುಟುಂಬಗಳೂ ಸೇರಿ ತೀರ್ಮಾನಿಸಿದ್ದವು. ಕಾದೆವು, ಕೊಯ್ದೆವು, ಒಣಗಿಸಿ ಕಟ್ಟು ಕಟ್ಟಿಯೂ ಆಯಿತು. ಅಷ್ಟರಲ್ಲಿ ಗುಡ್ಡದ ಹಿಂದೆ ಗುಡುಗು. ನೆನೆದ ಹುಲ್ಲು ಬೂಸಲು ಹಿಡಿದರೆ ಹಸುಗಳಿಗೆ ಚಳಿಗಾಲಕ್ಕೆ ಮೇವಿಲ್ಲ. ಮನೆಯಲ್ಲಿದ್ದವರೆಲ್ಲ ಓಡಿ ಬಂದರು. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ಅಕ್ಕ ಬಿಳಿ ಬೂಟಿನಲ್ಲೇ ಹುಲ್ಲಿನ ಗಾಡಿ ಹತ್ತಿದಳು. ಸರಿಯಾಗಿ ಆ ಹೊತ್ತಿಗೆ, ಹತ್ತು ಕಾರುದಾರಿಗಳ ಅಳತೆ ತೆಗೆಯಲು, ನೀವು ಕಳುಹಿಸಿದ ಪರಿಶೀಲಕರು ಬಂದಿಳಿದರು.

“ಟೇಪು ಕಾರಲ್ಲೇ ಇಡಪ್ಪಾ, ಈ ಕೈಗವಸು ಹಾಕ್ಕೊ,” ಎಂದರು ಲಯನೆಲ್. “ಮಳೆ ನಿಮ್ಮ ಮಂಡಳಿ ಅಪ್ಪಣೆಗೆ ಕಾಯಲ್ಲ.”

ಅವರು ಹಾಕಿಕೊಂಡರು. ಕೊನೆಯ ಗಾಡಿ ಕೊಟ್ಟಿಗೆಯ ಸೂರಿನಡಿ ನುಗ್ಗುವಾಗ ಮೊದಲ ಹನಿಗಳು ಬಿದ್ದವು. ಆಮೇಲೆ ಪರಿಶೀಲಕರು ಎಲ್ಲರೊಂದಿಗೆ ಕೂತು ಎರಡು ತಟ್ಟೆ ಹುರುಳಿಕಾಯಿ ಪಲ್ಯ ಖಾಲಿ ಮಾಡಿ ಹೋದರು. ‘ಹವಾಮಾನದ ಕಾರಣ ಅಳತೆ ಸಾಧ್ಯವಾಗಲಿಲ್ಲ’ ಎಂದು ವರದಿ ಕೊಟ್ಟರಂತೆ. ಅದರಲ್ಲಿ ಸುಳ್ಳೇನೂ ಇಲ್ಲ, ದಯವಿಟ್ಟು ಅವರನ್ನು ಬೈಯಬೇಡಿ.

ಈಗ ನೀವೇ ಹೇಳಿ. ನಿಮ್ಮ ನಿಯಮದ ಪ್ರಕಾರ ಚಾಚೂ ತಪ್ಪದೆ ತುಂಡಾದ ದಿಬ್ಬದ ರಸ್ತೆಯ ಜಮೀನಿನಲ್ಲಿ ಗುಡುಗಿದರೆ ಯಾರು ಯಾರಿಗಾಗಿ ಓಡಿ ಬರುತ್ತಾರೆ? ಅಲ್ಲಿ ಪ್ರತಿ ಮನೆಗೂ ತನ್ನದೇ ಹುಲ್ಲು ಕತ್ತರಿಸುವ ಯಂತ್ರವಿದೆ, ಭಾನುವಾರ ಎಲ್ಲವೂ ಒಟ್ಟಿಗೇ ಗುರುಗುಟ್ಟುತ್ತವೆ. ಹಸು ಒಂದೂ ಇಲ್ಲ. ಹೀಗಾಗಿ ಘರ್ಷಣೆಯೂ ಇಲ್ಲ, ಒಪ್ಪಿದೆ. ಹಕ್ಕಿಗಳು ಗಡಿಕಲ್ಲು ನೋಡಿಕೊಂಡು ಗೂಡು ಕಟ್ಟುತ್ತವೆಯೇ? ಎವರೆಟ್‌ನ ಟ್ರ್ಯಾಕ್ಟರು ಯಾರ ಹೂವಿನ ಪಾತಿಯಲ್ಲಿ ತಿರುಗಬೇಕು?

ನಮ್ಮ ಅರ್ಜಿಯ ಮೇಲೆ ಅಕ್ಟೋಬರಿನಲ್ಲಿ ನಡೆಯುವ ವಿಚಾರಣೆಯವರೆಗೆ ಕಾಯುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಾಳೆ. ಅಲ್ಲೂ ಇಲ್ಲವೆಂದರೆ ತನ್ನ ಪಾಲು ಮಾರುತ್ತಾಳೆ. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ಕೊಳ್ಳುವವರ ಕೈಯಲ್ಲಿ ನಿಮ್ಮ ನಿಯಮಕ್ಕೆ ತಕ್ಕ ನಕ್ಷೆ ಸಿದ್ಧವಿದೆ. ಅಕ್ಕನ ಪಾಲಿಗೆ ಬರುವುದು ಹುಲ್ಲು ಬೆಳೆಯುವ ನೆಲವೇ. ಅದು ಹೋದ ಮೇಲೆ ಅಣ್ಣನ ಮಂದೆ ಹರಾಜಿನ ಲಾರಿ ಹತ್ತುತ್ತದೆ.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಉಳಿದ ಭೂಮಿಯನ್ನು ಶಾಶ್ವತವಾಗಿ ಬಯಲಾಗಿಯೇ ಬಿಡಲು ಒಪ್ಪುವವರಿಗೆ ‘ಪ್ರತಿ ಮನೆಗೂ ಪ್ರತ್ಯೇಕ ನಿವೇಶನ’ ಎಂಬ ಸಾಲಿನಿಂದ ವಿನಾಯಿತಿ ಕೊಡಿ. ವಿಚಾರಣೆಯನ್ನು ಪುರಭವನದ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ನಡೆಸದೆ ನಮ್ಮ ಹುಲ್ಲುಗಾವಲಿನಲ್ಲಿ ನಡೆಸಿ. ಹತ್ತು ಕಾರುದಾರಿಗಳು ಎಲ್ಲೆಲ್ಲಿ ಹಾಯಬೇಕೆಂದು ಅಲ್ಲಿ ನಿಂತು ಬೆರಳು ಮಾಡಿ ತೋರಿಸಿ. ನಗದೆ ತೋರಿಸಲು ನಿಮ್ಮಿಂದ ಸಾಧ್ಯವಾದರೆ, ನಾನು ಅರ್ಜಿಯನ್ನು ಅಲ್ಲೇ ಹಿಂದಕ್ಕೆ ಪಡೆಯುತ್ತೇನೆ.

ಇಂತಿ,
ನಿಮ್ಮನ್ನು ಈ ಹುದ್ದೆಗೆ ಆರಿಸುವಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ
ಆಗ್ನೆಸ್ ಪೆಲ್ಕಿ